ಹಡಗಲ್ಲಿ ಆಯಿಲ್ ಮಿಸ್ಟ್ ಅಲಾರ್ಮ್ ಬಂದ್ರೆ ಮೊದ್ಲು ಚೆಕ್ ಮಾಡ್ಬೇಕಾ, ಮೊದ್ಲು ಇಂಜಿನ್ ಸ್ಲೋ ಮಾಡ್ಬೇಕಾ?

ಬೆಂಗಳೂರಲ್ಲಿ ಮೆಕ್ಯಾನಿಕಲ್ ಮುಗಿಸಿ ಜಿಎಂಇ (ಗ್ರಾಜುಯೇಟ್ ಮರೀನ್ ಇಂಜಿನಿಯರಿಂಗ್) ಕೋರ್ಸ್‌ಗೆ ಸೇರ್ತಿದೀನಿ, ಅಲಾರ್ಮ್ ನಿಜಾನೋ ಸುಳ್ಳೋ ಅಂತ ನೋಡೋ ಮುಂಚೆನೇ ಇಂಜಿನ್ ಸ್ಲೋ ಮಾಡಿದ್ರೆ ಅವಸರ ಆಗಲ್ವಾ, ಸೀನಿಯರ್ಸ್ ಬೈಯಲ್ವಾ ಅಂತ ಕೇಳಿದೀರ. ಅವಸರ ಅಲ್ಲ. ಮೊದ್ಲು ಸ್ಲೋ ಮಾಡಿ, ಆಮೇಲೆ ಚೆಕ್ ಮಾಡಿ. ಬೈದ್ರೆ ಬೈಸ್ಕೊಳಿ. ನಾನು ಮರ್ಚೆಂಟ್ ನೇವಿ ಬಿಟ್ಟು ಈಗ ವಿಜಯನಗರದಲ್ಲಿ ಇದೀನಿ, ಆದ್ರೂ ಈ ವಿಷ್ಯ ಯಾರೇ ಕೇಳಿದ್ರೂ ಸುಮ್ನಿರಕ್ಕಾಗಲ್ಲ.

ಕ್ರ್ಯಾಂಕ್‌ಕೇಸ್ ಅಂದ್ರೆ ಇಂಜಿನ್ ಕೆಳಭಾಗದಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಗೋ ಮುಚ್ಚಿದ ಜಾಗ, ಅದರೊಳಗೆ ಯಾವ್ದೋ ಬೇರಿಂಗ್ ವಿಪರೀತ ಬಿಸಿ ಆದ್ರೆ ಅದರ ಮೇಲೆ ಬಿದ್ದ ಎಣ್ಣೆ ಆವಿಯಾಗತ್ತೆ, ಆವಿ ಆರಿ ಬಿಳಿ ಮಂಜು ತರ ಒಳಗೆಲ್ಲಾ ತುಂಬ್ಕೊಳತ್ತೆ, ಆ ಮಂಜು ತಿರುಗಿ ಅದೇ ಬಿಸಿ ಜಾಗಕ್ಕೆ ತಾಗಿ ಹತ್ಕೊಂಡ್ರೆ ಸ್ಫೋಟ. 1947ರ ಸೆಪ್ಟೆಂಬರ್‌ನಲ್ಲಿ ರೈನಾ ಡೆಲ್ ಪೆಸಿಫಿಕೋ ಅನ್ನೋ ಪ್ಯಾಸೆಂಜರ್ ಹಡಗಲ್ಲಿ ಕ್ರ್ಯಾಂಕ್‌ಕೇಸ್ ಸ್ಫೋಟ ಆಗಿ 28 ಜನ ಸತ್ರು. ಆ ಮಂಜು ಹಿಡಿದು ಅಲಾರ್ಮ್ ಹೊಡೆಯೋ ಡಿಟೆಕ್ಟರ್ ಇರೋದೇ ಇಂಥದ್ದು ಆಗದೇ ಇರ್ಲಿ ಅಂತ.

ನಾನು ಸೆಕೆಂಡ್ ಇಂಜಿನಿಯರ್ ಆಗಿದ್ದ ಒಂದು ಬಲ್ಕ್ ಕ್ಯಾರಿಯರ್‌ನಲ್ಲಿ, ರಾತ್ರಿ ಮಲಕ್ಕಾ ಜಲಸಂಧಿಯಲ್ಲಿ ಈ ಅಲಾರ್ಮ್ ಬಂತು. ನಾಲ್ಕನೇ ಯೂನಿಟ್, ಅಂದ್ರೆ ನಾಲ್ಕನೇ ಸಿಲಿಂಡರ್. ಇಂಜಿನ್ ತಾನಾಗೇ ಸ್ಲೋ ಡೌನ್‌ಗೆ ಹೋಗ್ತಿತ್ತು, ಅಷ್ಟರಲ್ಲಿ ಬ್ರಿಡ್ಜ್‌ನವರು (ಮೇಲಿಂದ ಹಡಗು ನಡೆಸೋರು) ಆ ಸ್ಲೋ ಡೌನ್ ತಡೆಯೋ ಓವರ್‌ರೈಡ್ ಒತ್ತಿಬಿಟ್ರು. ಅವರದ್ದೂ ತಪ್ಪಲ್ಲ, ಮುಂದೆ ಹಿಂದೆ ಹಡಗುಗಳು, ಪಕ್ಕದಲ್ಲಿ ಮೀನು ಹಿಡಿಯೋ ದೋಣಿಗಳು. ಕಂಟ್ರೋಲ್ ರೂಮ್‌ಗೆ ಓಡಿ ಬಂದ ಚೀಫ್ ಇಂಜಿನಿಯರ್ ಹೇಳಿದ್ದು, ಹೋದ ಸಲನೂ ಡಿಟೆಕ್ಟರ್ ಲೆನ್ಸ್‌ಗೆ ಕೊಳೆ ಕೂತು ಹೀಗೇ ಆಗಿತ್ತಲ್ಲಪ್ಪ, ಕ್ಲೀನ್ ಮಾಡಿ ನೋಡೋಣ ತಡಿ ಅಂತ. ಥರ್ಡ್ ಇಂಜಿನಿಯರ್ ಕೈಯಲ್ಲಿ ಆಗ್ಲೇ ಸ್ಪ್ಯಾನರ್ ಇತ್ತು, ಆ ಡಿಟೆಕ್ಟರ್ ಇರೋದು ಇಂಜಿನ್ ಪಕ್ಕದಲ್ಲೇ. ನಾನು ಬೇಡ ಅಂದೆ, ಎಲ್ಲರನ್ನೂ ಕ್ರ್ಯಾಂಕ್‌ಕೇಸ್ ಬಾಗಿಲುಗಳ ಹತ್ರದಿಂದ ಮೇಲೆ ಕರೆಸಿ ಬ್ರಿಡ್ಜ್‌ಗೆ ಫೋನ್ ಹಚ್ಚಿ ಓವರ್‌ರೈಡ್ ತೆಗೀರಿ ಸರ್ ಅಂದೆ. ಕ್ಯಾಪ್ಟನ್ ಹತ್ತು ನಿಮಿಷ ಕೊಡು ಅಂದ್ರು. ಅಷ್ಟು ಹೊತ್ತು ಆಗಲ್ಲ, ಈಗ್ಲೇ ಡೆಡ್ ಸ್ಲೋ (ತೀರಾ ಕಡಿಮೆ ವೇಗ) ಮಾಡಿ, ಟ್ರಾಫಿಕ್‌ನಿಂದ ಪಕ್ಕಕ್ಕೆ ತಗೊಳ್ಳಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ ಆರ್‌ಪಿಎಂ ಇಳಿಯೋಕೆ ಶುರು ಆಯ್ತು, ಚೀಫ್ ನನ್ನ ಮುಖ ನೋಡ್ತಾ ನಿಂತಿದ್ರು.

ಇಂಜಿನ್ ನಿಲ್ಲಿಸಿದ ಮೇಲೂ ಲ್ಯೂಬ್ ಆಯಿಲ್ ಪಂಪ್ ಓಡ್ತಾನೇ ಇರ್ಬೇಕು, ಬಾಗಿಲು ಮಾತ್ರ ತೆಗೀಬಾರ್ದು. ಕಡಿಮೆ ಅಂದ್ರೂ 20 ನಿಮಿಷ, ನಾವು ಅದಕ್ಕಿಂತ ಜಾಸ್ತಿನೇ ಕಾದ್ವಿ. ಬೇಗ ತೆಗೆದ್ರೆ ಹೊರಗಿನ ಗಾಳಿ ಒಳಗೆ ನುಗ್ಗಿ ಅಲ್ಲೇ ಸ್ಫೋಟ ಆಗ್ಬಹುದು. ಮನೇಲಿ ಗ್ಯಾಸ್ ವಾಸನೆ ಬಂದ್ರೆ ಎಲ್ಲಿ ಲೀಕ್ ಅಂತ ಹುಡುಕೋಕೆ ಲೈಟ್ ಸ್ವಿಚ್ ಹಾಕ್ತೀರಾ? ಮೊದ್ಲು ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ತೆಗೀತೀರ, ಇಲ್ಲೂ ಅಷ್ಟೇ. ಕೊನೆಗೆ ತೆಗೆದು ಟಾರ್ಚ್ ಬಿಟ್ಟಾಗ ನಾಲ್ಕನೇ ಯೂನಿಟ್ ಕ್ರಾಸ್‌ಹೆಡ್ (ಪಿಸ್ಟನ್ ರಾಡ್, ಕನೆಕ್ಟಿಂಗ್ ರಾಡ್ ಸೇರೋ ಜಾಗ) ಕೆಳಗೆ ಎಣ್ಣೆಯಲ್ಲಿ ಬೆಳ್ಳಿ ಬಣ್ಣದ ತೆಳು ಚಕ್ಕೆಗಳು, ಬೇರಿಂಗ್‌ನ ವೈಟ್ ಮೆಟಲ್ (ಒಳಗಿನ ಮೆತ್ತನೆ ಲೋಹದ ಪದರ) ಕರಗಿ ಕಿತ್ಕೊಂಡು ಬಂದಿತ್ತು. ಚೀಫ್ ಒಂದು ಚಕ್ಕೆ ಎತ್ಕೊಂಡು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಬೆನ್ನು ತಟ್ಟಿ, ರಿಪೋರ್ಟ್ ಬರೆಯೋಕೆ ಹೋದ್ರು. ಅದು ಸುಳ್ಳು ಅಲಾರ್ಮೇ ಆಗಿದ್ರೂ ನಾನು ಮಾಡಿದ್ದು ಸರಿನೇ, ಹೋಗ್ತಿದ್ದಿದ್ದು ಒಂದಷ್ಟು ಟೈಮು, ಸ್ವಲ್ಪ ಫ್ಯುಯೆಲ್ಲು.

ಬಾಲ್ಟಿಮೋರ್‌ನಲ್ಲಿ 2024ರ ಮಾರ್ಚ್ 26ರ ರಾತ್ರಿ ಸೇತುವೆ ಕಡೆ ಹೋಗ್ತಿದ್ದ ಡಾಲಿ ಹಡಗಿನ ಕರೆಂಟ್ ಹೋದಾಗಲೂ ನೋಡಿ, ಅದ್ರಲ್ಲಿದ್ದ ಕ್ರೂ ಬಹುತೇಕ ನಮ್ಮ ಇಂಡಿಯಾದವರೇ. ಯಾಕೆ ಹೋಯ್ತು ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ, ಆದ್ರೂ ಪೈಲಟ್ (ಬಂದರಿನಲ್ಲಿ ಹಡಗಿಗೆ ದಾರಿ ತೋರಿಸೋರು) ಲಂಗರು ಹಾಕಿಸಿ, ಸೇತುವೆ ಮೇಲೆ ಗಾಡಿ ಬಿಡ್ಬೇಡಿ ಅಂತ ಸುದ್ದಿ ಮುಟ್ಟಿಸಿದ್ರು, ಪೊಲೀಸರು ಎರಡೂ ಕಡೆ ತಡೆದ್ರು. ಹಡಗು ಗುದ್ದಿ ಸೇತುವೆ ಕುಸೀತು, ಅದರ ಮೇಲೆ ರಿಪೇರಿ ಮಾಡ್ತಿದ್ದ 6 ಜನ ಉಳೀಲಿಲ್ಲ, ಅದು ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ, ಆದ್ರೆ ಗಾಡಿಗಳಲ್ಲಿ ಬರ್ತಿದ್ದವರು ಬದುಕಿದ್ರು. ಒಂದು ವೈರ್ ಸರಿಯಾಗಿ ಕೂತಿರ್ಲಿಲ್ಲ ಅಂತ ತನಿಖೆಯವರು ಹೇಳಿದ್ದು 2025ರ ನವೆಂಬರ್‌ನಲ್ಲಿ.

ಒಂದು ಕಡೆ ಮಾತ್ರ ದಯವಿಟ್ಟು ನುಗ್ಬೇಡಿ. ಟ್ಯಾಂಕ್, ಹೋಲ್ಡ್ (ಸರಕು ತುಂಬೋ ಜಾಗ), ಪಂಪ್ ರೂಮ್ ಒಳಗೆ ಯಾರಾದ್ರೂ ಬಿದ್ದಿದ್ರೆ ಹಿಂದೆನೇ ಇಳೀಬೇಡಿ, ಆಕ್ಸಿಜನ್ ಇಲ್ದೆ ನೀವೂ ಅಲ್ಲೇ ಬೀಳ್ತೀರ, ಎತ್ತೋಕೆ ಹೋದವರೇ ಸತ್ತಿರೋದು ಎಷ್ಟೋ ಸಲ ಆಗಿದೆ. ಅಲ್ಲಿ ಅಲಾರ್ಮ್ ಹೊಡೆದು, ಬ್ರೀದಿಂಗ್ ಸೆಟ್ ಹಾಕ್ಕೊಂಡ ಟೀಮ್ ಬರೋವರೆಗೂ ಬೇರೆ ಯಾರನ್ನೂ ಇಳಿಯೋಕೆ ಬಿಡದೇ ಇರೋದೇ ನಿಮ್ಮ ಕೆಲ್ಸ.

ಜೂನಿಯರ್ ಆಗಿ ಹೋದ ಮೇಲೆ ಫೋನ್‌ನಲ್ಲಿ ಮಾತಾಡೋದನ್ನ ಈಗ್ಲೇ ರೂಢಿ ಮಾಡ್ಕೊಳಿ. "ಸರ್, ಏನೋ ಪ್ರಾಬ್ಲಂ ಇರೋ ಹಾಗಿದೆ" ಅಂದ್ರೆ ಯಾರೂ ಕದಲಲ್ಲ. "ಆಯಿಲ್ ಮಿಸ್ಟ್ ಹೈ, ಯೂನಿಟ್ ನಾಲ್ಕು, ಡೆಡ್ ಸ್ಲೋ ಬೇಕು ಈಗ್ಲೇ" ಅಂತ ಹೇಳಿ, ಟೈಮ್ ಲಾಗ್‌ಬುಕ್‌ನಲ್ಲಿ ಬರೀರಿ, ತಕ್ಷಣ ಚೀಫ್‌ನ ಎಬ್ಬಿಸಿ.