ಪೇಪರ್ ಕೊಳ್ಳಬೇಡಿ, ನಿಮ್ಮೂರ ನೀರು ಅಳೆಯಿರಿ

ಪ್ರಶ್ನೆ: ಕೋಲಾರದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಪಿಎಚ್‌ಡಿ ಮಾಡುವ ಆಸೆ. ಸಂಶೋಧನೆಯ ಅನುಭವ ಏನೂ ಇಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ನಿನ್ನ ಹೆಸರಿನಲ್ಲಿ ಸಂಶೋಧನಾ ಪೇಪರ್ ಪ್ರಕಟಿಸಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಅಪ್ಪ ಟೊಮೆಟೊ ಬೆಳೆಯುತ್ತಾರೆ. ಬಿ.ಎಡ್ ಮಾಡಿ ಕೆಲಸಕ್ಕೆ ಸೇರು ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಮುಳಬಾಗಿಲು ತಾಲ್ಲೂಕು

ಉತ್ತರ: ಆ ಪೇಪರ್ ಬೇಡವೇ ಬೇಡ. ನಾಳೆ ಸಂದರ್ಶನದಲ್ಲಿ ‘ಈ ಅಂಕಿ ಹೇಗೆ ಬಂತು?’ ಎಂದು ಕೇಳುತ್ತಾರೆ. ನೀವು ಮಾಡದ ಕೆಲಸಕ್ಕೆ ಏನಂತ ಉತ್ತರ ಕೊಡುತ್ತೀರಿ?

ಅನುಭವಕ್ಕಾಗಿ ದೂರ ಹೋಗಬೇಕಿಲ್ಲ. ನಿಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5 ತನಕ ಒಪ್ಪುತ್ತಾರೆ. ನಿಮ್ಮ ಮೇಷ್ಟ್ರ ಹತ್ತಿರ ಮಾತಾಡಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ಕೇಳಿ, ಆದರೆ ಕೆಲಸ ಈಗಲೇ ಶುರು ಮಾಡಿ. ನಾಲ್ಕೈದು ಬೋರ್‌ವೆಲ್ ಸಾಕು. ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ನೀರು ತನ್ನಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಇರಲಿ. ಒಂದೇ ನೀರನ್ನು ಮೂರು ಸಲ ಅಳೆಯಿರಿ. ಮೂರು ಸಲವೂ ಬೇರೆ ಬೇರೆ ಅಂಕಿ ಬಂದರೆ, ಇಲ್ಲವೇ ಅಂದುಕೊಂಡದ್ದಕ್ಕಿಂತ ಕಡಿಮೆ ಬಂದರೆ ಹೆದರಬೇಡಿ. ಅಳೆದದ್ದು ತಪ್ಪಿತೋ, ನೀರಿನಲ್ಲಿ ಅಲ್ಯುಮಿನಿಯಂ ಸೇರಿ ಫ್ಲೋರೈಡ್ ಕಡಿಮೆ ತೋರಿಸುತ್ತಿದೆಯೋ? ಅದನ್ನು ಹುಡುಕುತ್ತಾ ಲ್ಯಾಬ್‌ನಲ್ಲಿ ಕಳೆಯುವ ಸಂಜೆಗಳನ್ನೇ ಅನುಭವ ಅನ್ನುವುದು. ಕೆಟ್ಟು ಹೋದ ಪ್ರಯೋಗವನ್ನೂ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಮುಂದೆ ನಿಮ್ಮ ಬಗ್ಗೆ ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೂ ಆಗ ಹೇಳಲು ಏನಾದರೂ ಇರುತ್ತದೆ, ಅಲ್ವಾ?

ಜೊತೆಗೆ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಲ್ಯಾಬ್‌ನಲ್ಲಿ ಕೆಲಸ ಮಾಡಬಹುದು. ಬೇಸಿಗೆಗೆ ತಿಂಗಳುಗಳ ಮೊದಲೇ ಅರ್ಜಿ ಮುಗಿಯುತ್ತದೆ, ತಡಮಾಡಬೇಡಿ. ಸಿಗದಿದ್ದರೂ ಬೇಸರ ಬೇಡ. ನಿಮ್ಮ ಬೋರ್‌ವೆಲ್ ಕೆಲಸ ನಿಮ್ಮ ಕೈಯಲ್ಲೇ ಇರುತ್ತದೆ.

ಇನ್ನು ಅಪ್ಪ. ಟೊಮೆಟೊ ರೇಟು ಬೀಳುವುದನ್ನು ವರ್ಷವರ್ಷ ನೋಡಿದವರು ಮಗಳಿಗೆ ತಿಂಗಳ ಸಂಬಳ ಬಯಸಿದರೆ ತಪ್ಪೇನಿಲ್ಲ. ಅವರ ಭಯ ದುಡ್ಡಿನದು. ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಿ. ಎಂಎಸ್ಸಿ ಕೊನೆಯ ವರ್ಷದಲ್ಲೇ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಬಹುದು. ಅದರಿಂದ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕರೆ ಪಿಎಚ್‌ಡಿ ಮಾಡುತ್ತಲೇ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸಿಗದಿದ್ದರೆ ಬಿ.ಎಡ್ ದಾರಿ ಆಗಲೂ ತೆರೆದೇ ಇರುತ್ತದೆ.

ಮೊದಲ ಸಲ ನೀರು ತರಲು ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಯಾವ ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಬತ್ತಿತು ಎಂದು ಅವರಿಗೆ ಬಾಯಲ್ಲೇ ಇರುತ್ತದೆ. ಅದನ್ನೂ ಬರೆದುಕೊಳ್ಳಿ.