ಹರಾಜಿನ ಕಾರು: ಬೆಲೆಗಿಂತ ಮೊದಲು ದಾಖಲೆ

ಪ್ರಶ್ನೆ: ಸಾಲ ತೀರದ ಕಾರಣ ಬ್ಯಾಂಕು ವಶಪಡಿಸಿಕೊಂಡ ಕಾರೊಂದು ಆನ್‌ಲೈನ್ ಹರಾಜಿಗೆ ಬಂದಿದ್ದು, ಬೆಲೆ ಕಡಿಮೆಯಿದೆ. ಚಿತ್ರಗಳನ್ನಷ್ಟೇ ನೋಡಿ ಬಿಡ್ ಸಲ್ಲಿಸಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇಂಥ ವಾಹನಗಳನ್ನು ‘ಇರುವಲ್ಲಿ, ಇರುವ ಸ್ಥಿತಿಯಲ್ಲಿ’ ಎಂಬ ಷರತ್ತಿನ ಮೇಲೆ ಮಾರುವುದರಿಂದ, ಎಂಜಿನ್ ಕೆಟ್ಟಿದೆಯೆಂದು ಆಮೇಲೆ ದೂರಿದರೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಪರಿಶೀಲನೆಗೆ ಗೊತ್ತುಪಡಿಸಿದ ದಿನ ನಂಬಿಕಸ್ಥ ಮೆಕ್ಯಾನಿಕ್ ಒಬ್ಬರನ್ನು ಯಾರ್ಡಿಗೆ ಕರೆದೊಯ್ದು, ಷಾಸಿ ಸಂಖ್ಯೆಯು ಆರ್‌.ಸಿ.ಯೊಂದಿಗೆ (ನೋಂದಣಿ ಪತ್ರದೊಂದಿಗೆ) ಹೊಂದುತ್ತದೆಯೇ ಎಂಬುದನ್ನೂ ನೋಡಿ. ಸಾಲದ ನಮೂದನ್ನು ತೆಗೆಸುವ ನಮೂನೆ 35, ಆರ್‌.ಸಿ.ಯನ್ನು ಬ್ಯಾಂಕಿನ ಹೆಸರಿಗೆ ಮಾಡಿಸುವ ನಮೂನೆ 36, ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30, ಇವುಗಳಲ್ಲಿ ಯಾವುದನ್ನು ಯಾರು, ಯಾವಾಗ ಒದಗಿಸುತ್ತಾರೆಂದು ಬರಹದಲ್ಲೇ ಕೇಳಿ ಪಡೆಯಿರಿ. ಖರೀದಿದಾರರು ಹೆಚ್ಚು ಅಲೆದಾಡುವುದು ಇಲ್ಲಿಯೇ. ನೋಂದಣಿ ಬೇರೆ ರಾಜ್ಯದ್ದಾದರೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ, ಬಾಕಿ ದಂಡವನ್ನೂ ಬಿಡ್ ಸಲ್ಲಿಸುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.