ಓದುಗರ ಪ್ರಶ್ನೆ: ಸಾಕ್ಷಿಯ ಮಾತು ಮತ್ತು ಮೇಲ್ಮನವಿ

ಪ್ರಶ್ನೆ: ಸೆಷನ್ಸ್ ನ್ಯಾಯಾಲಯ ನಂಬಿದ ಪ್ರತ್ಯಕ್ಷ ಸಾಕ್ಷಿಯನ್ನು, ಆತನ ಮುಖವನ್ನೇ ನೋಡದ ಹೈಕೋರ್ಟ್ ನಂಬದೆ ಶಿಕ್ಷೆಯನ್ನು ರದ್ದುಪಡಿಸುವುದು ಸರಿಯೇ?

ಉತ್ತರ: ಸಾಕ್ಷಿಯ ಹಾವಭಾವವನ್ನು ಕಂಡ ವಿಚಾರಣಾ ನ್ಯಾಯಾಧೀಶರ ಅಭಿಪ್ರಾಯಕ್ಕೆ ಹೈಕೋರ್ಟ್ ಗೌರವ ಕೊಡುತ್ತದೆ, ಆದರೆ ಶಿಕ್ಷೆಯ ವಿರುದ್ಧದ ಮೇಲ್ಮನವಿಯಲ್ಲಿ ಇಡೀ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದು ಅದರ ಕರ್ತವ್ಯವೇ ಆಗಿದೆ. 1957ರಲ್ಲಿ ಮದ್ರಾಸ್ ರಾಜ್ಯದ ಕೊಲೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳನ್ನು ಪೂರ್ಣ ನಂಬಲರ್ಹರು, ಪೂರ್ಣ ನಂಬಲನರ್ಹರು, ಎರಡೂ ಅಲ್ಲದವರು ಎಂದು ವಿಂಗಡಿಸಿತು. ಮೊದಲ ವರ್ಗದ ಒಬ್ಬನೇ ಸಾಕ್ಷಿಯಿದ್ದರೂ ಸಾಕು, ಕಾನೂನು ಸಾಕ್ಷಿಗಳ ತಲೆ ಎಣಿಸುವುದಿಲ್ಲ. ತೊಡಕಿರುವುದು ಮೂರನೆಯ ವರ್ಗದಲ್ಲಿ: ಅಲ್ಲಿ ವೈದ್ಯಕೀಯ ವರದಿಯಂಥ ಸ್ವತಂತ್ರ ಬೆಂಬಲವನ್ನು ಹುಡುಕಬೇಕಾಗುತ್ತದೆ. ಪೊಲೀಸರ ಮುಂದೆ ಆರೋಪಿಯ ಹೆಸರನ್ನೇ ಹೇಳದವನು ಕಟಕಟೆಯಲ್ಲಿ ನಿಂತು, ಕತ್ತಲಲ್ಲೂ ಅವನನ್ನು ಗುರುತಿಸಿದೆ ಎಂದರೆ, ಆ ಲೋಪವೇ ಮಹತ್ವದ ವಿರೋಧಾಭಾಸವಾಗಬಹುದು. ಇದು ಕಡತದಲ್ಲೇ ಕಾಣುತ್ತದೆ, ಮುಖ ನೋಡಬೇಕಿಲ್ಲ. ಗಂಟೆ, ದೂರಗಳಲ್ಲಿನ ಸಣ್ಣ ವ್ಯತ್ಯಾಸಗಳು ಬೇರೆ ಮಾತು. ವರ್ಷಗಳ ನಂತರ ಎಲ್ಲರೂ ಒಂದೇ ಪಾಠ ಒಪ್ಪಿಸಿದರೆ ನನಗಂತೂ ಅದೇ ಹೆಚ್ಚು ಅನುಮಾನ ತರಿಸುತ್ತದೆ. ಒಂದು ಮಾತು ಸುಳ್ಳಾದರೆ ಉಳಿದೆಲ್ಲವೂ ಸುಳ್ಳೆಂಬ ಸೂತ್ರವನ್ನು ನಮ್ಮ ನ್ಯಾಯಾಲಯಗಳು ಒಪ್ಪಿಲ್ಲ. ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಲು ಸಾಧ್ಯವೇ ಆಗದಿದ್ದಾಗ ಮಾತ್ರ ಇಡೀ ಸಾಕ್ಷ್ಯವನ್ನು ತಳ್ಳಿಹಾಕಿ, ಸಂದೇಹದ ಲಾಭವನ್ನು ಆರೋಪಿಗೆ ನೀಡುತ್ತವೆ.